ಮೌನದ ಕಟ್ಟೆ

ಸೊಸೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಒಳಗಿನಿಂದ ಮಾವನ ಕೂಗು ಕೇಳಿಸಿತು. ಒದ್ದೆ ಕೈಯಲ್ಲೇ ಓಡಿಬಂದು ನೋಡಿದರೆ ಅಡುಗೆಮನೆಯ ತುಂಬ ಗುರುತು ಪರಿಚಯವಿಲ್ಲದ ಜನ. ತಲೆಗೆ ಟೋಪಿ, ಬೆನ್ನಿಗೆ ಚೀಲ, ಕಾಲಿಗೆ ಬೂಟು. ಆಗಷ್ಟೇ ಒರೆಸಿದ ನೆಲದ ತುಂಬ ಕೆಸರಿನ ಹೆಜ್ಜೆಗಳು. ಬಚ್ಚಲಿನಿಂದ ಹೊರಬಂದಿದ್ದ ಮಾವ ಸೊಂಟದ ಟವೆಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಗೋಡೆಗೆ ಅಂಟಿ ನಿಂತಿದ್ದರು. ಅತ್ತೆ ಸಿಂಕಿನ ಮುಂದೆ ಸೋಪು ಹಚ್ಚಿದ ತಟ್ಟೆ ಹಿಡಿದು ಕಲ್ಲಾಗಿದ್ದರು.

“ಮೌನದ ಕಟ್ಟೆಗೆ ಇದೇ ದಾರಿ ಅಲ್ವಾ?” ಎಂದ ಅವರಲ್ಲೊಬ್ಬ, ಕೈಯಲ್ಲಿದ್ದ ನಕಾಶೆಯನ್ನು ಅತ್ತಿತ್ತ ತಿರುಗಿಸುತ್ತ. “ಇದರಲ್ಲಿ ಹಾಗೇ ಇದೆ. ಬೀದಿ ಬಾಗಿಲಿಂದ ಒಳಗೆ, ಹಿತ್ತಲ ಬಾಗಿಲಿಂದ ಹೊರಗೆ.”

“ಇದು ಮನೆ ಕಣ್ರೀ!” ಎಂದರು ಮಾವ.

“ಹೌದಾ?” ಅವನ ಪಕ್ಕದ ಹೆಂಗಸು ಗೋಡೆಯ ಮೇಲಿನ ಪಾತ್ರೆಗಳನ್ನೆಲ್ಲ ಒಂದು ಸುತ್ತು ನೋಡಿದಳು. “ನಾವು ಮ್ಯೂಸಿಯಂ ಅಂದ್ಕೊಂಡ್ವಿ.”

ಸೊಸೆ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, ಹೆಗಲ ಮೇಲೆ ಬ್ಯಾಗಿನ ಪಟ್ಟಿಯನ್ನು ಎಳೆದುಕೊಂಡಳು. ಹೆಗಲಲ್ಲಿ ಬ್ಯಾಗು ಇರಲಿಲ್ಲ. ಇರಲಿ ಇಲ್ಲದಿರಲಿ, ಗಾಬರಿಯಾದಾಗ ಅವಳ ಕೈ ಮಾಡುವ ಕೆಲಸ ಅದು. ಮನೆಯಲ್ಲಿ ಎಲ್ಲರೂ ಅದನ್ನು ಆಡಿಕೊಂಡು ನಗುತ್ತಿದ್ದರು. ಈಗ ಯಾರೂ ನಗಲಿಲ್ಲ. ಆ ನಕಾಶೆಯನ್ನು ಬರೆದವಳು ಅವಳೇ.

ಅವಳು ವಿಶ್ವವಿದ್ಯಾಲಯದಲ್ಲಿ ಸುಸ್ಥಿರ ಪ್ರವಾಸೋದ್ಯಮದ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ದೊಡ್ಡ ಹೋಟೆಲು, ದೊಡ್ಡ ಬಸ್ಸು ಇಲ್ಲದೆ, ಊರಿನವರೇ ತಮ್ಮ ಊರನ್ನು ಬಂದವರಿಗೆ ತೋರಿಸುವುದು ಹೇಗೆ ಎನ್ನುವುದು ವಿಷಯ. ಓಣಿ ಓಣಿ ತಿರುಗಿ, ಮನೆ ಮನೆಯ ಜಗಲಿಯ ಮೇಲೆ ಕೂತು, “ನಿಮಗೆ ಈ ಊರಲ್ಲಿ ಇಷ್ಟವಾದ ಜಾಗ ಯಾವುದು?” ಎಂದು ಎಲ್ಲರನ್ನೂ ಕೇಳಿ, ಆ ಜಾಗಗಳನ್ನೆಲ್ಲ ಸೇರಿಸಿ ಒಂದು ನಕಾಶೆ ಮಾಡಿದ್ದಳು. ಪ್ರವಾಸೋದ್ಯಮ ಇಲಾಖೆಯವರು ಅದನ್ನು ‘ಜನರ ನಕಾಶೆ’ ಎಂದು ಅಚ್ಚು ಹಾಕಿಸಿ ರೈಲು ನಿಲ್ದಾಣದಲ್ಲಿ ಹಂಚತೊಡಗಿದ್ದರು. ಅವಳ ಮನೆಯೇ ಯೋಜನೆಯ ಮಾದರಿ ಮನೆ. ಮಹಡಿಯ ಕೋಣೆಯಲ್ಲಿ ವಾರಕ್ಕೊಮ್ಮೆಯಾದರೂ ಅತಿಥಿಗಳು ಇಳಿಯುತ್ತಿದ್ದರು, ಕೆಳಗೆ ಮನೆಯವರ ಜತೆ ಉಣ್ಣುತ್ತಿದ್ದರು.

ಅತ್ತೆಯನ್ನೂ ಅವಳು ಕೇಳಿದ್ದಳು. ಇಬ್ಬರೂ ಬಟಾಣಿ ಸುಲಿಯುತ್ತ ಕೂತಿದ್ದ ಒಂದು ಮಧ್ಯಾಹ್ನ.

“ಕಟ್ಟೆ,” ಎಂದಿದ್ದರು ಅತ್ತೆ. “ಅಲ್ಲಿ ಹೋಗಿ ಬಂದ್ರೆ ಮನಸ್ಸು ಹಗುರಾಗುತ್ತೆ.”

ಕಟ್ಟೆ ಎಂದರೆ ಹಿತ್ತಲಿನಾಚೆ, ಹಳೆಯ ಗಿರಣಿಯವರು ಹೊಳೆಗೆ ಅಡ್ಡವಾಗಿ ಕಟ್ಟಿಸಿದ ಕಲ್ಲಿನ ಒಡ್ಡು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ನೀರು ಮಾತ್ರ ಇನ್ನೂ ಆ ಕಲ್ಲಿನ ಮೇಲಿಂದ ಧುಮುಕಿ ಮೊರೆಯುತ್ತಿತ್ತು. ಅತ್ತೆ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಒಬ್ಬರೇ ಅಲ್ಲಿಗೆ ಹೋಗಿ ಬರುತ್ತಿದ್ದರು. ಅವರು ಬಾಯಿಗೆ ಬೆರಳಿಟ್ಟರೂ ಕಚ್ಚದ ಹೆಂಗಸು. ಇಂಥವರು ನೀರಿನ ಹತ್ತಿರ ಹೋಗುವುದು ಮೌನಕ್ಕಾಗಿ ಅಲ್ಲದೆ ಇನ್ನೇತಕ್ಕೆ? ‘ಹಿರಿಯ ಮಹಿಳೆಯರು ಮೌನವನ್ನು ಅರಸಿ ಹೋಗುವ ತಾಣ’ ಎಂದು ಸೊಸೆ ತನ್ನ ಪ್ರಬಂಧದಲ್ಲಿ ಬರೆದಳು. ನಕಾಶೆಯಲ್ಲಿ ‘ಮೌನದ ಕಟ್ಟೆ’ ಎಂದು ಹೆಸರಿಟ್ಟು, ಕೆಳಗೆ ಅತ್ತೆಯ ಹೆಸರನ್ನೂ ಹಾಕಿದಳು. ದಾರಿ ಎಳೆಯುವಾಗ ತನಗೆ ಗೊತ್ತಿದ್ದ ಒಂದೇ ದಾರಿಯನ್ನು, ಅತ್ತೆ ನಡೆಯುವ ದಾರಿಯನ್ನು, ಎಳೆದುಬಿಟ್ಟಳು. ಅದು ತಮ್ಮ ಅಡುಗೆಮನೆಯ ನಡುವೆ ಹಾಯುತ್ತದೆಂಬುದು ಅವಳಿಗೂ ಹೊಳೆಯಲಿಲ್ಲ, ಅದನ್ನು ನೋಡಿ ಒಪ್ಪಿದ ಐದಾರು ಪಂಡಿತರಿಗೂ ಹೊಳೆಯಲಿಲ್ಲ.

ದಾರಿಯೇನೋ ಬೇಗ ಸರಿಯಾಯಿತು. ಮುಂದಿನ ಅಚ್ಚಿನಲ್ಲಿ ಅದನ್ನು ಪಕ್ಕದ ಸಂದಿಗೆ ತಿರುಗಿಸಿದರು. ಜನ ಸಂದಿಯಲ್ಲಿ ಬಂದರು. ಸುಮ್ಮನೆ ಬರಲಿಲ್ಲ, ಸಾಲುಗಟ್ಟಿ ಬಂದರು. ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತರು, ಕೂತದ್ದರ ಫೋಟೋ ತೆಗೆಸಿಕೊಂಡರು.

“ಅಮ್ಮ, ನಿನ್ನ ಕಟ್ಟೆ ಫೇಮಸ್ ಆಗೋಯ್ತು!” ಎಂದಳು ಸೊಸೆಯ ಮಗಳು. ಹೈಸ್ಕೂಲಿನಲ್ಲಿದ್ದ ಅವಳ ಬಾಯಿಗೆ ಬಿಡುವಿರಲಿಲ್ಲವಾದ್ದರಿಂದ ಮನೆಯಲ್ಲಿ ಎಲ್ಲರಿಗೂ ಅವಳು ಗಿಣಿ.

“ನನ್ನ ಸೈಕಲ್ ಒಂದೂ ಅಂಗಡೀಲಿ ನಿಲ್ತಿಲ್ಲ,” ಎಂದ ಗಂಡ. ಬೀದಿ ಬದಿಯ ಕೋಣೆಯಲ್ಲಿ ಅವನದು ಸೈಕಲ್ ರಿಪೇರಿ, ಬಾಡಿಗೆ ಎರಡೂ. “ಹೀಗೇ ಇದ್ರೆ ಇನ್ನೊಂದಷ್ಟು ಹೊಸ ಸೈಕಲ್ ತರಿಸ್ತೀನಿ.”

ಅತ್ತೆ ಮೊದಲ ದಿನ ಹಿತ್ತಲ ಬಾಗಿಲು ದಾಟಿ ಬೇಲಿಯವರೆಗೆ ಹೋಗಿ ವಾಪಸು ಬಂದರು. ಮರುದಿನವೂ ಅಷ್ಟೇ. ಆಮೇಲೆ ಪಾತ್ರೆ ತೊಳೆದಾದ ಮೇಲೂ ಸಿಂಕಿನ ಮುಂದೆಯೇ ನಿಲ್ಲತೊಡಗಿದರು. ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದರು. ಕಪಾಟಿನ ಬಾಗಿಲು ಸ್ವಲ್ಪ ಜೋರಾಗಿ ಮುಚ್ಚಿಕೊಳ್ಳುತ್ತಿರುವುದು ಸೊಸೆಯ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಅವಳಿಗೆ ಮೂರನೆಯ ಅಧ್ಯಾಯ ಮುಗಿಸುವ ಅವಸರ.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಾವ ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ಎಂದಿನಂತೆ ಮೇಜಿನ ತುಂಬ ಚೆಲ್ಲುತ್ತ, “ಉಪ್ಪು ಕೊಡೇ,” ಎಂದರು. ಉಪ್ಪಿನ ಡಬ್ಬಿ ಅವರ ಮೊಣಕೈಗೆ ತಾಗಿಕೊಂಡೇ ಇತ್ತು.

“ಕಣ್ಣೇನು ಬಾಡಿಗೆಗೆ ಕೊಟ್ಟಿದ್ದೀರಾ?” ಎಂದರು ಅತ್ತೆ.

ಗಿಣಿಯ ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಮಾವ ಹಿಂದೆ ತಿರುಗಿ ನೋಡಿದರು, ಬೇರೆ ಯಾರಾದರೂ ಬಂದು ಮಾತಾಡಿದರೋ ಎಂಬಂತೆ.

“ಏನಂದೆ?”

“ಕಣ್ಣು. ಮುಖದ ಮೇಲೆ ಇರುತ್ತಲ್ಲ, ಅದು. ಮದುವೆಯಾದಾಗಿಂದ ಉಪ್ಪು ಕೊಡು, ಉಪ್ಪು ಕೊಡು. ನಾನು ಕೊಟ್ಟ ಉಪ್ಪಲ್ಲಿ ಒಂದು ಸಮುದ್ರ ಮಾಡಬಹುದಿತ್ತು. ಸಿಪ್ಪೆ ತಟ್ಟೇಲಿ ಹಾಕಿ.”

ಮಾವ ನಿವೃತ್ತಿಯಾಗುವವರೆಗೂ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಎಂಥೆಂಥ ಜಗಳಗಂಟರನ್ನೋ ಕಂಡವರು. ಅವರು ಸಿಪ್ಪೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದರು. ಉಪ್ಪಿಲ್ಲದೆಯೇ ಮೊಟ್ಟೆ ತಿಂದರು.

ಅದೇ ಮೊದಲು. ಆ ವಾರವೇ, ಗ್ರೀಸು ಹತ್ತಿದ ಕೈಯನ್ನು ಬಿಳಿ ಟವೆಲಿಗೆ ಒರೆಸಿದ ಮಗನಿಗೆ, “ನಿನ್ನನ್ನ ಹೆತ್ತಿದ್ದಕ್ಕೆ ಸೋಪಿನ ಕಂಪನಿಯವರು ನನಗೆ ಸನ್ಮಾನ ಮಾಡ್ಬೇಕು,” ಎಂದರು. ಊಟದ ಮೇಜಿಗೂ ಫೋನು ತಂದ ಗಿಣಿಗೆ, “ಅದನ್ನೇ ನೆಂಚಿಕೊಂಡು ತಿನ್ನು, ಆಲೂಗಡ್ಡೆ ಬಡಿಸಲ್ಲ,” ಎಂದು ನಿಜವಾಗಿಯೂ ಬಡಿಸಲಿಲ್ಲ. ಕಡ ಕೊಟ್ಟ ಕೊಡೆಯನ್ನು ಹಿಂದಿರುಗಿಸದ ಪಕ್ಕದ ಮನೆಯಾಕೆಗೆ ಬೀದಿಗೆ ಕೇಳುವಂತೆ ಏನೋ ಅಂದರು. ಆಕೆ ಕೊಡೆಯನ್ನು ಗೇಟಿಗೆ ನೇತುಹಾಕಿ ಒಳಗೋಡಿದಳು. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ ಬೆಕ್ಕಿನ ಹೆಜ್ಜೆ ಇಟ್ಟು ಓಡಾಡತೊಡಗಿದರು.

“ಅಮ್ಮನ್ನ ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ?” ಎಂದ ಗಂಡ, ಸೈಕಲಿನ ಚಕ್ರ ತಿರುಗಿಸಿ ನೋಡುತ್ತ.

“ಪಾಪ, ಡಾಕ್ಟರು ಏನು ತಪ್ಪು ಮಾಡಿದ್ದಾರಪ್ಪ?” ಎಂದರು ಮಾವ.

ಸೊಸೆಗೆ ಮಾತ್ರ ಅತ್ತೆ ಇನ್ನೂ ಒಂದು ಮಾತೂ ಅಂದಿರಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ.

ಆ ಶನಿವಾರ ಮಹಡಿಗೆ ಒಂದು ಜೋಡಿ ಬಂದಿಳಿಯಿತು. ಸಂಜೆ ಊಟಕ್ಕೆ ಕೂತಾಗ ಹೆಂಡತಿಯ ಮುಖದಲ್ಲಿ ಭಕ್ತಿ ತುಳುಕುತ್ತಿತ್ತು.

“ಅಜ್ಜಿ, ನಾವಿವತ್ತು ಮಧ್ಯಾಹ್ನವೆಲ್ಲ ನಿಮ್ಮ ಕಟ್ಟೆ ಮೇಲೆ ಕೂತಿದ್ವಿ. ಎಂಥ ಶಾಂತಿ! ಅಷ್ಟೊಂದು ಮೌನ ನಿಮಗೆ ಹೇಗೆ ಸಿದ್ಧಿಸ್ತು? ನಮಗೂ ಸ್ವಲ್ಪ ಹೇಳಿಕೊಡಿ.”

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. ಸಾರಿನ ಹನಿ ಮೇಜಿನ ಮೇಲೆ ಸಿಡಿಯಿತು.

“ಮೌನ?” ಎಂದರು. “ಯಾರಮ್ಮ ಹೇಳಿದ್ದು ನಿನಗೆ ಮೌನ ಅಂತ? ನಾನಲ್ಲಿಗೆ ಹೋಗ್ತಿದ್ದದ್ದು ಬೈಯೋಕೆ!”

ಅತ್ತೆ ಮೇಜಿನ ಮೇಲೆ ಕೈಯೂರಿದರು.

“ಹೌದು, ಬೈಯೋಕೆ. ನೀರಿನ ಸದ್ದಲ್ಲಿ ಪಕ್ಕದಲ್ಲಿ ನಿಂತವರಿಗೂ ಏನೂ ಕೇಳ್ಸಲ್ಲ. ಬೆಳಿಗ್ಗೆಯಿಂದ ನುಂಗಿದ್ದನ್ನೆಲ್ಲ ಅಲ್ಲಿ ಕಕ್ಕಿ ಬರ್ತಿದ್ದೆ. ಗಂಟಲು ಹರಿಯೋ ಹಾಗೆ. ಹೆಸರು ಹಿಡಿದು. ಈಗ ನಾನು ಹೋದ್ರೆ ನೀವೆಲ್ಲ ಕಣ್ಣು ಮುಚ್ಕೊಂಡು ಗೂಬೆ ಥರ ಕೂತಿರ್ತೀರಿ. ನಾನೆಲ್ಲಿ ಹೋಗ್ಲಿ? ಯಾರ ತಲೆ ಮೇಲೆ ಹಾಕ್ಲಿ ಇದನ್ನ?”

ಅತಿಥಿಗಳು ತಮ್ಮ ತಟ್ಟೆಗಳನ್ನು ತಾವೇ ಎತ್ತಿಕೊಂಡು, ಸದ್ದಿಲ್ಲದೆ ಮಹಡಿ ಹತ್ತಿದರು. ಮೇಲೆ ಚಿಲಕ ಬಿದ್ದ ಸದ್ದು ಕೇಳಿಸಿತು.

ಮಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಅಲ್ವೇ... ನನ್ನನ್ನೂ ಬೈತಿದ್ಯಾ?”

“ನೀವೇ ಜಾಸ್ತಿ.”

“ಇಷ್ಟು ವರ್ಷ?”

“ಭಾನುವಾರ ರಜಾ. ಅವತ್ತು ನೀವು ಕಟ್ಟೆ ಕಡೆ ಗಾಳ ಹಿಡ್ಕೊಂಡು ಹೋಗ್ತಿದ್ರಲ್ಲ.”

ಗಿಣಿಗೆ ನಗು ಬಂತು. ಅಪ್ಪನ ಮುಖ ನೋಡಿ ಅದನ್ನು ಕೆಮ್ಮಿಗೆ ತಿರುಗಿಸಿದಳು. ಅಪ್ಪನ ಮುಖ ಬಿಳುಪಾಗಿತ್ತು. ತಾನು ಹುಟ್ಟಿದಂದಿನಿಂದ ಕಂಡ ಅಮ್ಮ ಇವಳೋ, ಅವಳೋ ಎಂದು ತಿಳಿಯದವನಂತೆ ಅವನು ತಾಯಿಯನ್ನೇ ನೋಡುತ್ತಿದ್ದ.

“ಇದು ನಾನು ಕಂಡುಹಿಡಿದದ್ದಲ್ಲ,” ಎಂದರು ಅತ್ತೆ. ದನಿ ಇಳಿದಿತ್ತು. “ನಾನೀ ಮನೆಗೆ ಬಂದ ಹೊಸದರಲ್ಲಿ ನನ್ನ ಅತ್ತೆ ಕೈ ಹಿಡ್ಕೊಂಡು ಅಲ್ಲಿಗೆ ಕರ್ಕೊಂಡು ಹೋದ್ರು. ‘ಮನೇಲಿ ಬೈದ್ರೆ ಮನೆ ಉಳಿಯಲ್ಲ ಮಗಳೇ, ಬೈಯದಿದ್ರೆ ನೀನು ಉಳಿಯಲ್ಲ. ಇಲ್ಲಿ ಬೈ. ನನ್ನನ್ನೂ ಬೈ, ನನಗೆ ಕೇಳ್ಸಲ್ಲ’ ಅಂದ್ರು. ಅವರಿಗೂ ಅವರ ಅತ್ತೆ ಹೇಳ್ಕೊಟ್ಟಿದ್ದಂತೆ.” ಆಮೇಲೆ ಮೊದಲ ಸಲ ಸೊಸೆಯ ಕಡೆ ತಿರುಗಿದರು. “ನಿನಗೂ ತೋರಿಸಿಕೊಡಬೇಕು ಅಂತಿದ್ದೆ ಕಣಮ್ಮ. ಆದ್ರೆ ನಿನಗೆ ಹೇಳಿದ್ದೆಲ್ಲ ಅಚ್ಚಾಗುತ್ತಲ್ಲ.”

ಸೊಸೆಯ ಕೈ ಹೆಗಲಿಗೆ ಹೋಯಿತು. ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಊರೆಲ್ಲ ತಿರುಗಿ ಅವಳು ಎಲ್ಲರನ್ನೂ ಕೇಳಿದ್ದಳು, ನಿಮಗಿಷ್ಟದ ಜಾಗ ಯಾವುದು ಎಂದು. ಅಲ್ಲಿ ಏನು ಮಾಡುತ್ತೀರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಸೋಮವಾರ ಅವಳು ತನ್ನ ಸಂಶೋಧನೆಯ ಮಾರ್ಗದರ್ಶಕಿ ಪ್ರೊಫೆಸರ್ ಮೇಡಂ ಮುಂದೆ ನಿಂತಳು. “ಮೇಡಂ, ನಕಾಶೆಯಿಂದ ಕಟ್ಟೆಯನ್ನ ತೆಗೆದುಬಿಡೋಣ.”

“ಕಟ್ಟೆನಾ? ಅತಿ ಹೆಚ್ಚು ಜನ ಹೋಗೋ ಜಾಗ ಅದು! ಯಾಕೆ?”

ಯಾಕೆ ಎನ್ನುವುದನ್ನು ಹೇಳಿದರೆ ಅದೂ ಒಂದು ಅಧ್ಯಾಯವಾಗುತ್ತದೆ. ‘ಬೈಗುಳದ ಕಟ್ಟೆ’ ಎಂದರೆ ಇನ್ನೂ ಎರಡರಷ್ಟು ಜನ ಬರುತ್ತಾರೆ. ಸೊಸೆ, “ಪಾಚಿ ಮೇಡಂ. ತುಂಬ ಜಾರುತ್ತೆ. ಯಾರಾದ್ರೂ ಬಿದ್ರೆ ಕಷ್ಟ,” ಎಂದಳು.

“ಒಳ್ಳೇದಾಯ್ತು ಹೇಳಿದ್ದು,” ಎಂದು ಮೇಡಂ ಪೆನ್ನು ಎತ್ತಿಕೊಂಡರು. “ಶುಕ್ರವಾರದ ಸಭೆಗೆ ಪುರಸಭೆಯವರೂ ಬರ್ತಾರೆ. ಕಂಬಿ ಹಾಕಿಸೋಣ. ಕೂರೋಕೆ ಎರಡು ಬೆಂಚು. ಪಕ್ಕದಲ್ಲಿ ಒಂದು ಫಲಕ, ಅದರ ಮೇಲೆ ನಿಮ್ಮ ಅತ್ತೆಯವರ ದೊಡ್ಡ ಫೋಟೋ. ಕಣ್ಣು ಮುಚ್ಚಿಕೊಂಡಿರೋದು ಇದ್ರೆ ಚೆನ್ನ.”

ಸೊಸೆ ಅಲ್ಲಿಂದ ನೇರ ಮನೆಗೆ ಬಂದಳು.

ಮನೆಯಲ್ಲಿ ಅವಳು ಇದನ್ನು ಗಂಡನಿಗೆ ಮಾತ್ರ ಹೇಳಿದಳು. ಅವನು ಬಿಚ್ಚಿದ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ.

“ಬೆಂಚು ಹಾಕಿದ್ರೆ ಮುಗೀತು, ಆಮೇಲೆ ಯಾರ ಕೈಲೂ ಕೀಳೋಕಾಗಲ್ಲ,” ಎಂದಳು.

“ಹಾಕ್ಲಿ ಬಿಡು. ಅಮ್ಮ ಬೇರೆ ಜಾಗ ನೋಡ್ಕೋತಾಳೆ. ಈ ಊರಲ್ಲಿ ನೀರಿಗೇನು ಬರವಾ?”

“ಅಷ್ಟು ಸದ್ದಿರೋ ಜಾಗ ಇನ್ನೊಂದು ತೋರ್ಸು ನೋಡೋಣ.”

“ಜನ ಬರದಿದ್ರೆ ಈ ಸೈಕಲ್ಲುಗಳನ್ನ ನಾನು ನೆಕ್ಕಲಾ? ಜನ ಬರ್ಲಿ ಅಂತ ಮೂರು ವರ್ಷ ತಲೆ ತಿಂದವಳೂ ನೀನೇ, ಈಗ ಬರಬೇಡಿ ಅನ್ನೋಳೂ ನೀನೇ!”

ಒಳಗಿನಿಂದ ಅತ್ತೆಯ ದನಿ ಬಂತು. “ಅವಳ ಮೇಲೆ ಯಾಕೋ ಕಿರುಚ್ತೀಯ? ಬಾಯಿ ಇದ್ರೆ ಆ ಟ್ಯೂಬಿಗೆ ಗಾಳಿ ಊದು!”

ಗಂಡ ನೀರಿನೊಳಗಿನ ಗುಳ್ಳೆಗಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, “ಏನಾದ್ರೂ ಮಾಡು ಮಾರಾಯ್ತಿ,” ಎಂದ. “ಕಟ್ಟೆ ಅವಳಿಗೆ ವಾಪಸ್ ಕೊಡ್ಸು.”

ಶುಕ್ರವಾರದ ಸಭೆಯಲ್ಲಿ ಪುರಸಭೆಯವರು ಬೆಂಚಿನ ಬಣ್ಣದವರೆಗೂ ಮಾತಾಡಿ ಮುಗಿಸಿದ್ದರು. ಆಗ ಸೊಸೆ ಎದ್ದು ನಿಂತಳು.

“ಕಟ್ಟೆಯ ವಿಷಯವನ್ನ ನಾನು ಹಿಂದಕ್ಕೆ ತಗೋಬೇಕು,” ಎಂದಳು. “ಅದನ್ನ ಹೇಳಿದ್ದು ನನ್ನ ಅತ್ತೆ. ನಾನು ಯಾಕೆ ಕೇಳ್ತಿದ್ದೀನಿ, ಹೇಳಿದ್ದು ಎಲ್ಲಿಗೆ ಹೋಗುತ್ತೆ ಅಂತ ಅವರಿಗೆ ತಿಳಿಸಿರಲಿಲ್ಲ. ಅವರ ಒಪ್ಪಿಗೆ ತಗೊಂಡಿರಲಿಲ್ಲ. ಬಟಾಣಿ ಸುಲೀತಾ ಸೊಸೆ ಹತ್ರ ಆಡಿದ ಮಾತು ಅದು.”

ಒಪ್ಪಿಗೆಯಿಲ್ಲದೆ ಯಾರ ಮಾತನ್ನೂ ಬಳಸಬಾರದು ಎಂಬುದು ವಿಭಾಗದ ಮೊದಲ ನಿಯಮ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಅದನ್ನು ಹೇಳಿಕೊಡುತ್ತಿದ್ದವಳೂ ಇವಳೇ.

“ಮನೆಯಲ್ಲಿ ಕೇಳಿದ ಉಳಿದ ಮಾತುಗಳು?” ಎಂದರು ಮೇಡಂ, ನಿಧಾನವಾಗಿ.

“ಅವೂ ಹಾಗೇ ಮೇಡಂ.”

“ಅಂದ್ರೆ ಮೂರನೇ ಅಧ್ಯಾಯ ಪೂರ್ತಿ ಹೋಗುತ್ತೆ. ಗೊತ್ತಿದೆ ತಾನೆ?”

“ಗೊತ್ತಿದೆ.”

ಮೇಡಂ ಅವಳನ್ನೇ ನೋಡಿದರು. ಇನ್ನೂ ಏನೋ ಇದೆ ಎನ್ನುವುದು ಅವರಿಗೆ ತಿಳಿದಿರಬೇಕು. ಆದರೆ ಕೇಳಲಿಲ್ಲ. “ಬೆಂಚು ಬೇಡ,” ಎಂದು ಪುರಸಭೆಯವರಿಗೆ ಹೇಳಿ ಕಾಗದ ತಿರುವಿದರು.

ಅಚ್ಚಾಗಿ ಉಳಿದಿದ್ದ ನಕಾಶೆಗಳ ಕಟ್ಟುಗಳನ್ನು ಅವಳು ಆಟೋದಲ್ಲಿ ಮನೆಗೆ ತಂದಳು. ಕಟ್ಟೆ ಇದ್ದ ಜಾಗಕ್ಕೆ ಹಸಿರು ಕಾಗದದ ಚೂರು ಅಂಟಿಸುವ ಕೆಲಸ ಊಟದ ಮೇಜಿನ ಮೇಲೆ ಶುರುವಾಯಿತು. ಗಿಣಿ ಕತ್ತರಿಸಿದಳು, ಗಂಡ ಸೈಕಲ್ ಟ್ಯೂಬಿನ ಅಂಟು ತಂದ, ಮಾವ ನಾಲಿಗೆ ಕಚ್ಚಿಕೊಂಡು ಅಂಟಿಸಿದರು.

“ಅಲ್ಲಮ್ಮ,” ಎಂದರು ಮಾವ, “ಆ ‘ಸುಸ್ಥಿರ’ ಅಂದ್ರೇನು ಅಂತ ಒಂದ್ಸಲ ಹೇಳಿದ್ದೆಯಲ್ಲ?”

“ಬಂದವರು ಹೋದ ಮೇಲೂ ಊರು ಮೊದಲಿದ್ದ ಹಾಗೇ ಇರ್ಬೇಕು ಅಂತ, ಮಾವ.”

“ಹಾಗಾದ್ರೆ ಅಂಟು ಇನ್ನೊಂಚೂರು ಹಾಕು.”

ಅತ್ತೆ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದರು. ಮೇಜು ತುಂಬಿದ್ದರಿಂದ ಅವತ್ತು ಎಲ್ಲರೂ ನೆಲದ ಮೇಲೆ ಕೂತು ಉಂಡರು.

ಜನ ಒಮ್ಮೆಗೇ ನಿಲ್ಲಲಿಲ್ಲ. ಹಳೆಯ ನಕಾಶೆ ಹಿಡಿದವರು ಬರುತ್ತಲೇ ಇದ್ದರು. ಮಾವ ಸಂದಿಯ ಬಾಯಿಗೆ ಕುರ್ಚಿ ಹಾಕಿಕೊಂಡು ಕೂತರು. ಅತಿಥಿಗಳೆಂದರೆ ಪ್ರಾಣ ಬಿಡುತ್ತಿದ್ದವರು, ಬಂದವರಿಗೆಲ್ಲ ಮೂಗು ಮುಚ್ಚಿಕೊಂಡು, “ಅಯ್ಯೋ, ಅಲ್ಲೀಗ ಚರಂಡಿ ನೀರು ಬಿಡ್ತಿದ್ದಾರೆ. ನಮ್ಮ ಹುಡುಗನ ಹತ್ರ ಸೈಕಲ್ ತಗೊಂಡು ಗುಡ್ಡದ ಕಡೆ ಹೋಗಿ, ಅಲ್ಲಿ ನಿಜವಾದ ಮೌನ ಸಿಗುತ್ತೆ,” ಎನ್ನುತ್ತಿದ್ದರು. ಟಿಕೆಟ್ ಇಲ್ಲದವರನ್ನು ಇಳಿಸಿದ ದನಿಯೇ ಅದು. ಜನ ಬಂದ ಹಾಗೇ ತಿರುಗುತ್ತಿದ್ದರು. ಸೈಕಲ್ಲುಗಳು ಒಂದೂ ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ, ಮೂರನೆಯ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದ ಸೊಸೆ ತಲೆಯೆತ್ತಿ ನೋಡಿದರೆ ಮನೆ ಸದ್ದಿಲ್ಲದೆ ನಿಂತಿತ್ತು. ಪಾತ್ರೆಗಳು ಬೋರಲು ಮಲಗಿದ್ದವು. ಹಿತ್ತಲ ಬಾಗಿಲು ತೆರೆದಿತ್ತು.

ಕಟ್ಟೆಯ ಮೇಲೆ ಹೊರಗಿನವರು ಯಾರಾದರೂ ಇದ್ದರೆ ಕಳಿಸಿಬಿಡೋಣ ಎಂದು ಅವಳು ಎದ್ದು ಹೊರಟಳು. ಬೇಲಿ ದಾಟಿ ಗಿರಣಿಯ ಗೋಡೆ ತಿರುಗಿದಳು. ನೀರಿನ ಮೊರೆತ ಕಿವಿ ತುಂಬಿತು. ಕಟ್ಟೆಯ ಮೇಲೆ ಅತ್ತೆ ಒಬ್ಬರೇ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿಗೆ ಮುಖ ಮಾಡಿ. ತೋಳು ಗಾಳಿಯಲ್ಲಿ ಏಳುತ್ತಿತ್ತು, ಬೀಳುತ್ತಿತ್ತು. ಬಾಯಿ ಇಷ್ಟಗಲ ತೆರೆಯುತ್ತಿತ್ತು. ಒಂದಕ್ಷರವೂ ಕೇಳಿಸಲಿಲ್ಲ.

ಸೊಸೆ ಮೈಮರೆತು ನಿಂತಳು. ಇಂಥ ತಾಕತ್ತು ಆ ಸಣ್ಣ ಮೈಯಲ್ಲಿ ಎಲ್ಲಿತ್ತು?

ಅಷ್ಟರಲ್ಲಿ ಅತ್ತೆ ತೋಳು ಇಳಿಸಿದರು. ಒಂದು ಬೆರಳನ್ನು ಮೂಗಿನ ಮೇಲಿಟ್ಟು ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದರು. ಹೆಗಲು ಕುಣಿಸಿ ಇಲ್ಲದ ಬ್ಯಾಗಿನ ಪಟ್ಟಿ ಎಳೆದುಕೊಂಡರು. ಕತ್ತು ಓರೆ ಮಾಡಿ, ಬಟಾಣಿ ಸುಲಿಯುವಂತೆ ಬೆರಳಾಡಿಸುತ್ತ, ಯಾರದೋ ನಯವಾದ ಪ್ರಶ್ನೆಯನ್ನು ಅಣಕಿಸಿದರು. ಆಮೇಲೆ ಎರಡೂ ಮುಷ್ಟಿ ಬಿಗಿದು ಹೊಳೆಯ ಕಡೆ ಮತ್ತೆ ಬಾಯಿ ತೆರೆದರು.

ಸೊಸೆ ಇನ್ನು ನಾಲ್ಕು ಹೆಜ್ಜೆ ಮುಂದೆ ಹೋದರೆ ತುಟಿ ನೋಡಿಯೇ ಒಂದೆರಡು ಮಾತನ್ನಾದರೂ ಹಿಡಿಯಬಹುದಿತ್ತು.

ಅವಳು ಹಿಂದಕ್ಕೆ ತಿರುಗಿದಳು. ಬಂದ ದಾರಿಯಲ್ಲೇ, ಎಲೆಗಳ ಸದ್ದಾಗದಂತೆ ಕಾಲಿಟ್ಟು, ಮನೆ ಸೇರಿದಳು. ಒಲೆ ಹಚ್ಚಿ ಆಲೂಗಡ್ಡೆ ಬೇಯಲಿಟ್ಟಳು. ಅವು ಬೆಂದು, ಸಿಪ್ಪೆ ಸುಲಿದು ಮುಗಿಯುವ ಹೊತ್ತಿಗೆ ಅತ್ತೆ ಹಿತ್ತಲ ಬಾಗಿಲಲ್ಲಿ ಕಾಲು ಒರೆಸಿಕೊಳ್ಳುತ್ತ ಒಳಗೆ ಬಂದರು. ಕೆನ್ನೆ ಕೆಂಪಾಗಿತ್ತು. ದನಿ ಸ್ವಲ್ಪ ಒಡೆದಿತ್ತು. ಮುಖ ಮಾತ್ರ ಈಗಷ್ಟೇ ತೊಳೆದಿಟ್ಟ ತಟ್ಟೆಯಂತಿತ್ತು.

“ನೀನ್ಯಾಕಮ್ಮ ಇದನ್ನೆಲ್ಲ ಮಾಡೋಕೆ ಹೋದೆ?” ಎಂದರು, ಅವಳ ಕೈಯಿಂದ ಚಾಕುವನ್ನು ಮೆತ್ತಗೆ ತೆಗೆದುಕೊಳ್ಳುತ್ತ. “ಬರೆಯೋ ಕೆಲಸ ಅಷ್ಟಿದೆ ನಿನಗೆ. ಮುಖ ಬಾಡಿಹೋಗಿದೆ. ಏನಾದ್ರೂ ತಿಂದ್ಯಾ, ಇಲ್ವಾ?”

ನನ್ನ ಬಗ್ಗೆ ಏನಂದಿರಿ ಅತ್ತೆ? ಪ್ರಶ್ನೆ ಸೊಸೆಯ ನಾಲಿಗೆಯ ತುದಿಯವರೆಗೂ ಬಂತು. ಕನ್ನಡಕದತ್ತ ಹೊರಟಿದ್ದ ಬೆರಳನ್ನು ಅವಳು ಅರ್ಧದಲ್ಲೇ ತಡೆದು, ಹಬೆಯಾಡುತ್ತಿದ್ದ ಒಂದು ಇಡೀ ಆಲೂಗಡ್ಡೆಯನ್ನು ಬಾಯಿಗೆ ತುರುಕಿಕೊಂಡಳು.